ಹಳೆಯ ಔಟ್‌ಬೋರ್ಡ್ ಎಂಜಿನ್ ರಿಪೇರಿ, ಟ್ಯೂನಿಂಗ್: ಬೆಂಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳುತ್ತಿರುವುದು ದೋಣಿಯ ಹಿಂಬದಿಗೆ ಕಚ್ಚಿಸುವ, ಹಗ್ಗ ಎಳೆದು ಸ್ಟಾರ್ಟ್ ಮಾಡುವ, ಕಾರ್ಬೋರೇಟರ್ ಇರುವ ಹಳೆಯ ಟೂ ಸ್ಟ್ರೋಕ್ ಎಂಜಿನ್‌ಗಳ ಬಗ್ಗೆ. 2 ಅಶ್ವಶಕ್ತಿಯಿಂದ 40ರವರೆಗೆ ಅಂದುಕೊಳ್ಳಿ. ಯಮಹಾ, ಸುಜುಕಿ, ಜಾನ್ಸನ್, ಎವಿನ್ರೂಡ್, ಮರ್ಕ್ಯುರಿ, ಟೊಹಾಟ್ಸು ಯಾವುದೇ ಇರಲಿ, ಒಳಗಿನ ಸಂಸಾರ ಹೆಚ್ಚುಕಡಿಮೆ ಒಂದೇ. ಫೋರ್ ಸ್ಟ್ರೋಕ್ ಇಟ್ಟುಕೊಂಡವರಿಗೆ ಗೇರ್ ಆಯಿಲ್, ನೀರಿನ ಪಂಪಿನ ಬಗ್ಗೆ ಹೇಳಿದ್ದಷ್ಟೇ ಉಪಯೋಗಕ್ಕೆ ಬಂದೀತು.

ಸಮುದ್ರವೇ ಇಲ್ಲದ ಊರಲ್ಲಿ ಈ ಎಂಜಿನ್ ಯಾರ ಹತ್ತಿರ ಇರುತ್ತೆ?

ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಜನರ ಹತ್ತಿರ. ಕಬಿನಿ, ಶರಾವತಿ ಹಿನ್ನೀರಿಗೆ ಹೋಗುವವರು, ರೆಸಾರ್ಟ್ ನಡೆಸುವವರು, ತಾತನ ಕಾಲದ ಸೀಗಲ್ಲೋ ಜಾನ್ಸನ್ನೋ ಗ್ಯಾರೇಜಿನ ಮೂಲೆಯಲ್ಲಿ ಸಿಕ್ಕವರು. 2022ರ ಸೆಪ್ಟೆಂಬರ್ ಮಳೆಗೆ ಯಮಲೂರು, ಸರ್ಜಾಪುರ ರಸ್ತೆ ಕಡೆ ದೋಣಿ ಇಳಿಸಬೇಕಾಗಿ ಬಂದಾಗ ಎಷ್ಟೋ ಜನ ಮೊದಲ ಸಲ ಈ ಯಂತ್ರವನ್ನು ಹತ್ತಿರದಿಂದ ಕಂಡರು. ಇಲ್ಲಿನ ಎಂಜಿನ್‌ಗಳಿಗೆ ಬರುವ ರೋಗ ಕರಾವಳಿಯದ್ದಲ್ಲ. ಅಲ್ಲಿ ದಿನಾ ದುಡಿದು, ಉಪ್ಪು ತಿಂದು ಸವೆಯುತ್ತವೆ. ಇಲ್ಲಿ ವರ್ಷದ ಬಹುಪಾಲು ಗೋಡೆಗೆ ಒರಗಿ ನಿಂತೇ ಕೆಡುತ್ತವೆ.

ವರ್ಷಗಟ್ಟಲೆ ನಿಂತ ಎಂಜಿನ್ ಸಿಕ್ಕಿದೆ. ಹಗ್ಗ ಎಳೆದು ನೋಡಲಾ?

ಬೇಡ. ಮೊದಲು ಪ್ಲಗ್ ಬಿಚ್ಚಿ. ಪ್ರತಿ ಸಿಲಿಂಡರ್‌ಗೆ ಎರಡು ಚಮಚದಷ್ಟು ಟೂ ಸ್ಟ್ರೋಕ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಇರಲಿ. ಮಾರನೇ ದಿನ ಮೇಲಿನ ಫ್ಲೈವೀಲ್ ಹಿಡಿದು ಕೈಯಲ್ಲೇ ಬಲಕ್ಕೆ ನಿಧಾನ ತಿರುಗಿಸಿ. ಸಲೀಸಾಗಿ ತಿರುಗಿದರೆ ಸರಿ. ಎಲ್ಲಾದರೂ ಗಕ್ಕನೆ ನಿಂತರೆ ಬಲ ಹಾಕಬೇಡಿ, ಇನ್ನಷ್ಟು ಎಣ್ಣೆ ಬಿಟ್ಟು ಕಾಯಿರಿ. ತುಕ್ಕು ಹಿಡಿದ ಪಿಸ್ಟನ್ ರಿಂಗ್ ಅವಸರಕ್ಕೆ ಮುರಿಯುತ್ತದೆ, ಮುರಿದ ಚೂರು ಬೋರನ್ನು, ಅಂದರೆ ಸಿಲಿಂಡರಿನ ಒಳಗೋಡೆಯನ್ನು, ಗೀಚುತ್ತದೆ.

ಅಷ್ಟರೊಳಗೆ ಹೊರಗಿನ ರಂಧ್ರಗಳನ್ನೆಲ್ಲ ಒಮ್ಮೆ ನೋಡಿಬಿಡಿ. ನಮ್ಮ ಕಡೆ ಕುಂಬಾರ ಹುಳಕ್ಕೆ ಈ ಎಂಜಿನ್‌ಗಳ ಮೇಲೆ ಅದೇನೋ ಪ್ರೀತಿ. ನೀರು ಎಳೆಯುವ ಜಾಲರಿ, ನೀರು ಚಿಮ್ಮುವ ಸಣ್ಣ ತೂತು, ಪೆಟ್ರೋಲ್ ಟ್ಯಾಂಕಿನ ಗಾಳಿ ಕಿಂಡಿ, ಮೂರನ್ನೂ ಮಣ್ಣು ಮೆತ್ತಿ ಮುಚ್ಚಿರುತ್ತದೆ. ಮೇಲಿನ ಮುಚ್ಚಳ ತೆಗೆದರೆ ವೈರ್ ಕಡಿದ ಇಲಿಯ ಗೂಡೂ ಸಿಗಬಹುದು.

ಯಾವುದನ್ನು ಮೊದಲು ನೋಡಬೇಕು?

ಕಂಪ್ರೆಷನ್ (ಸಿಲಿಂಡರಿನೊಳಗೆ ಪಿಸ್ಟನ್ ಹುಟ್ಟಿಸುವ ಒತ್ತಡ), ಆಮೇಲೆ ಕಿಡಿ, ಆಮೇಲೆ ಪೆಟ್ರೋಲ್, ಆಮೇಲೆ ತಣಿಸುವ ನೀರು. ಟ್ಯೂನಿಂಗ್ ಕಟ್ಟಕಡೆಗೆ. ನಮ್ಮಲ್ಲಿ ಬಹಳ ಜನ ಉಲ್ಟಾ ಮಾಡುತ್ತಾರೆ: ಎಂಜಿನ್ ಮಿಸ್ಸಿಂಗ್ ಹೊಡೆದ ಕೂಡಲೇ ಸ್ಕ್ರೂ ಡ್ರೈವರ್ ಹಿಡಿದು ಕಾರ್ಬೋರೇಟರ್ ತಿರುಪು ತಿರುಗಿಸಲು ಶುರು. ಸೋರುವ ಸೀಲನ್ನು, ಸತ್ತ ಕಾಯಿಲನ್ನು ಯಾವ ತಿರುಪೂ ರಿಪೇರಿ ಮಾಡುವುದಿಲ್ಲ.

ಕಂಪ್ರೆಷನ್ ಗೇಜ್ ಕಾರ್ ಗ್ಯಾರೇಜುಗಳಲ್ಲಿ ಸಿಗುತ್ತದೆ. ಎಲ್ಲ ಪ್ಲಗ್ ಬಿಚ್ಚಿ, ಪ್ಲಗ್ ವೈರುಗಳನ್ನು ಎಂಜಿನ್ ಬಾಡಿಗೆ ಅರ್ತ್ ಮಾಡಿ, ಆಕ್ಸಿಲರೇಟರ್ ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವವರೆಗೆ ಹಗ್ಗ ಎಳೆಯಿರಿ. ಬಹುತೇಕ ಹಳೆಯ ಎಂಜಿನ್‌ಗಳು 90ರಿಂದ 120 ಪಿಎಸ್ಐ ತೋರಿಸುತ್ತವೆ. ಈ ಅಂಕಿ ಸಮುದ್ರಮಟ್ಟದ್ದು. ಬೆಂಗಳೂರಿನಲ್ಲಿ ಆರೋಗ್ಯವಂತ ಎಂಜಿನ್ ಕೂಡ ಹತ್ತು ಶೇಕಡಾ ಕಡಿಮೆ ತೋರಿಸುತ್ತದೆ, ಅದಕ್ಕೆ ಗಾಬರಿ ಬೇಡ. ಅಂಕಿಗಿಂತ ಮುಖ್ಯ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. ಒಂದು 100, ಇನ್ನೊಂದು 70 ಇದ್ದರೆ ಹೆಡ್ ಗ್ಯಾಸ್ಕೆಟ್ಟೋ ರಿಂಗೋ ಹೋಗಿದೆ. ಅದನ್ನು ಸರಿಮಾಡದೆ ಮುಂದೆ ಹೋಗುವುದು ದಂಡ.

ಕಿಡಿ ಬರುತ್ತಿಲ್ಲ. ಕಾಯಿಲ್ ಹೋಯಿತಾ?

ಮೊದಲು ಕೆಂಪು ಹಗ್ಗದ ಕ್ಲಿಪ್ ಸ್ವಿಚ್ಚಿಗೆ ಸಿಕ್ಕಿಸಿದ್ದೀರಾ ನೋಡಿ. ಓಡಿಸುವವನು ನೀರಿಗೆ ಬಿದ್ದರೆ ಎಂಜಿನ್ ನಿಲ್ಲಲಿ ಅಂತ ಇರುವ ಕ್ಲಿಪ್ ಅದು. ಅದು ಇಲ್ಲದೆ ನೂರು ಸಲ ಎಳೆದರೂ ಕಿಡಿ ಬಾರದು. ಆಮೇಲೆ ಹೊಸ ಪ್ಲಗ್ ಹಾಕಿ ನೋಡಿ.

ಅಷ್ಟಕ್ಕೂ ಬಾರದಿದ್ದರೆ ಫ್ಲೈವೀಲ್ ತೆಗೆಯಬೇಕು. ಹಳೆಯ ಮಾದರಿಗಳಲ್ಲಿ ಅದರ ಕೆಳಗೆ ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕಡಿದು ಕೂಡಿಸುವ ಪುಟ್ಟ ಸ್ವಿಚ್ಚು), ಕಂಡೆನ್ಸರ್, ಕಾಯಿಲ್ ಕೂತಿರುತ್ತವೆ. ನಿಂತ ಎಂಜಿನ್‌ನಲ್ಲಿ ಪಾಯಿಂಟಿನ ಮುಖಕ್ಕೆ ಬೂದು ಬಣ್ಣದ ತೆಳು ಪದರ ಕಟ್ಟಿರುತ್ತದೆ. ಸಣ್ಣ ಎಮರಿಯಿಂದ ಎರಡು ಸಲ ಉಜ್ಜಿ, ಥಿನ್ನರ್‌ನಲ್ಲಿ ಅದ್ದಿದ ಗಟ್ಟಿ ಕಾಗದವನ್ನು ನಡುವೆ ಎಳೆದರೆ ಅರ್ಧ ಕೇಸುಗಳು ಅಲ್ಲೇ ಮುಗಿಯುತ್ತವೆ. ಹಳೆಯ ಜಾನ್ಸನ್, ಎವಿನ್ರೂಡ್‌ಗಳಲ್ಲಿ ಪಾಯಿಂಟ್ ಗ್ಯಾಪ್ 0.5 ಮಿಲಿಮೀಟರ್, ಬೇರೆಯವಕ್ಕೆ ಮ್ಯಾನುಯಲ್ ನೋಡಿ. ಕಾಯಿಲಿನ ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದರೆ ಬದಲಿಸಿ.

ಫ್ಲೈವೀಲನ್ನು ಪುಲ್ಲರ್ ಹಾಕಿಯೇ ತೆಗೆಯಿರಿ. ಸುತ್ತಿಗೆಯಲ್ಲಿ ಬಡಿದರೆ ಒಳಗಿನ ಮ್ಯಾಗ್ನೆಟ್ ಸಡಿಲವಾಗುತ್ತದೆ, ಕ್ರ್ಯಾಂಕಿನ ತುದಿ ಹಾಳಾಗುತ್ತದೆ.

ಆರ್‌ಎಕ್ಸ್ 100 ಮೆಕ್ಯಾನಿಕ್ ಹತ್ತಿರ ಕೊಡಬಹುದಾ?

ಧಾರಾಳವಾಗಿ, ಆದರೆ ಮೇಲಿನ ಅರ್ಧ ಮಾತ್ರ. ಆರ್‌ಎಕ್ಸ್ 100, ಯೆಜ್ಡಿ ಬಿಚ್ಚಿ ಕೈ ಪಳಗಿದವರು ಬೆಂಗಳೂರು, ಮೈಸೂರಿನಲ್ಲಿ ಇನ್ನೂ ಇದ್ದಾರೆ. ಪಾಯಿಂಟ್, ಕಾರ್ಬೋರೇಟರ್, ರಿಂಗ್, ಬೋರಿಂಗ್ ಇವೆಲ್ಲ ಅವರಿಗೆ ನೀರು ಕುಡಿದಷ್ಟು ಸುಲಭ. ಅವರಿಗೆ ಗೊತ್ತಿಲ್ಲದಿರುವುದು ನೀರಿನ ಪಂಪ್ ಮತ್ತು ಕೆಳಗಿನ ಗೇರ್ ಕೇಸು. ‘ಒಂದ್ಸಲ ರೇಸ್ ಮಾಡಿ ನೋಡೋಣ ಸಾರ್’ ಅಂತ ಒಣಗಲ್ಲೇ ಸ್ಟಾರ್ಟ್ ಮಾಡಿಬಿಟ್ಟಾರು, ಹುಷಾರು. ನೀರಿಲ್ಲದೆ ಓಡಿದರೆ ಪಂಪಿನೊಳಗಿನ ರಬ್ಬರ್ ಇಂಪೆಲ್ಲರ್ ಕೆಲವೇ ಸೆಕೆಂಡಿನಲ್ಲಿ ಸುಡಲು ಶುರುವಾಗುತ್ತದೆ.

ಪೆಟ್ರೋಲಿಗೆ ಎಷ್ಟು ಆಯಿಲ್, ಯಾವ ಆಯಿಲ್?

ಡಬ್ಬದ ಮೇಲೆ ಟಿಸಿ-ಡಬ್ಲ್ಯು3 ಅಂತ ಇರಬೇಕು. ಬೈಕಿನ ಟೂ ಸ್ಟ್ರೋಕ್ ಆಯಿಲ್ ಗಾಳಿಯಲ್ಲಿ ತಣಿಯುವ, ಹೆಚ್ಚು ಬಿಸಿಯಾಗುವ ಎಂಜಿನ್‌ಗಾಗಿ ಮಾಡಿದ್ದು. ನೀರಲ್ಲಿ ತಣಿಯುವ ಎಂಜಿನ್‌ನಲ್ಲಿ ಅದರ ಬೂದಿ ಪಿಸ್ಟನ್, ಪ್ಲಗ್ ಮೇಲೆ ಕೂರುತ್ತದೆ. ಅಳತೆ ಬಹುತೇಕ ಮಾದರಿಗಳಿಗೆ 50:1, ಅಂದರೆ 5 ಲೀಟರಿಗೆ 100 ಮಿಲಿ. 1960ರ ದಶಕದ ಮೊದಲ ವರ್ಷಗಳಿಗಿಂತ ಹಿಂದಿನ ಜಾನ್ಸನ್, ಎವಿನ್ರೂಡ್‌ಗಳಿಗೆ 24:1, ಅಂದರೆ ಲೀಟರಿಗೆ ಸುಮಾರು 40 ಮಿಲಿ. ‘ಹೊಸ ಆಯಿಲ್ ಒಳ್ಳೇದು, ಅದಕ್ಕೂ 50:1 ಸಾಕು’ ಅನ್ನುವವರ ಮಾತು ಕೇಳಬೇಡಿ. ಆ ಕಾಲದ ಬೇರಿಂಗ್‌ಗಳಿಗೆ ಎಣ್ಣೆಯ ಪ್ರಮಾಣವೇ ಬೇಕು.

ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎಥನಾಲೂ ನೀರೂ ಒಂದಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಎಂಜಿನ್ ಮೊದಲು ಕುಡಿಯುವುದು ಅದನ್ನೇ, ಅದರಲ್ಲಿ ಎಣ್ಣೆಯೂ ಇರುವುದಿಲ್ಲ. ಹಳೆಯ ರಬ್ಬರ್ ಪೈಪ್, ಎಂಜಿನ್‌ಗೆ ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಂ (ಒಳಗಿನ ತೆಳು ಪೊರೆ) ಉಬ್ಬಿ ಮೆತ್ತಗಾಗುತ್ತವೆ. ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿ. ಬೇಕಾದಷ್ಟೇ ಬೆರೆಸಿ. ಉಳಿದದ್ದನ್ನು ಎರಡು ಮೂರು ವಾರಕ್ಕಿಂತ ಇಡಬೇಡಿ.

ಸ್ಟಾರ್ಟ್ ಆಗುತ್ತೆ, ಎರಡು ನಿಮಿಷ ಓಡಿ ನಿಲ್ಲುತ್ತೆ. ಯಾಕೆ?

ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆರೆಯಿರಿ. ಅರ್ಧಕ್ಕರ್ಧ ಸಲ ಉತ್ತರ ಇಷ್ಟೇ.

ಇಲ್ಲದಿದ್ದರೆ, ಎಂಜಿನ್ ಕುಂಟಲು ಶುರುವಾದಾಗ ಪೈಪಿನ ನಡುವಿನ ರಬ್ಬರ್ ಉಂಡೆಯನ್ನು ಬಾಣದ ಗುರುತು ಮೇಲಕ್ಕೆ ಮಾಡಿ ಹಿಸುಕಿ. ಹಿಸುಕಿದಾಗ ಚೇತರಿಸಿಕೊಂಡರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ: ಪಂಪಿನ ಡಯಾಫ್ರಂ ಅಥವಾ ಪೈಪಿನ ಜಾಯಿಂಟಿನಲ್ಲಿ ಗಾಳಿ. ಹಿಸುಕಿದರೂ ಬದಲಾವಣೆ ಇಲ್ಲವಾದರೆ ಕಾರ್ಬೋರೇಟರ್ ಬಿಚ್ಚಿ.

ಕಾರ್ಬೋರೇಟರ್ ತೊಳೆಯುವುದು ಹೇಗೆ?

ಬಿಚ್ಚುವ ಮುನ್ನ ಫೋನಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಐಡ್ಲಿಂಗ್ ತಿರುಪನ್ನು ಹೊರಗೆ ತೆಗೆಯುವ ಮೊದಲು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ ಎಷ್ಟು ಸುತ್ತು ಹೋಯಿತು ಅಂತ ಬರೆದಿಡಿ. ಬಟ್ಟಲಿನ ತಳದಲ್ಲಿ ಹಳದಿ ಅಂಟು, ಹಸಿರು ಪುಡಿ ಇದ್ದರೆ ಜೆಟ್ (ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡು) ಕಟ್ಟಿದೆ ಎಂದೇ ಲೆಕ್ಕ. ಸ್ಪ್ರೇ, ಗಾಳಿ ಮಾತ್ರ ಬಳಸಿ. ತಂತಿ ತೂರಿಸಬೇಡಿ; ಹಿತ್ತಾಳೆಯ ತೂತು ಕೂದಲೆಳೆಯಷ್ಟು ಅಗಲವಾದರೂ ಜೆಟ್ ಕೆಟ್ಟಂತೆ. ಬಟ್ಟಲು ತೆಗೆದು ಕಾರ್ಬೋರೇಟರನ್ನು ತಲೆಕೆಳಗೆ ಹಿಡಿದಾಗ ಫ್ಲೋಟ್ (ಪೆಟ್ರೋಲಿನಲ್ಲಿ ತೇಲುವ ಭಾಗ) ಅಂಚಿಗೆ ಸಮವಾಗಿ ಕೂರಬೇಕು ಅನ್ನುವುದು ಬಹಳಷ್ಟು ಮಾದರಿಗಳ ನಿಯಮ.

ಬೆಂಗಳೂರಿನ ಎತ್ತರಕ್ಕೆ ಜೆಟ್ ಬದಲಿಸಬೇಕಾ?

ಈ ಪ್ರಶ್ನೆಯನ್ನು ಕೇಳುವವರು ಕಡಿಮೆ, ಕೇಳಬೇಕಾದವರು ಎಲ್ಲರೂ. ಬೆಂಗಳೂರು ಇರುವುದು ಸುಮಾರು 920 ಮೀಟರ್, ಅಂದರೆ 3000 ಅಡಿ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ಎಂಜಿನ್‌ನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಆದರೆ ಕಾರ್ಬೋರೇಟರ್ ಬಿಡುವ ಪೆಟ್ರೋಲ್ ಅಷ್ಟು ಇಳಿಯುವುದಿಲ್ಲ, ಹಾಗಾಗಿ ಮಿಶ್ರಣ ಗಟ್ಟಿಯಾಗುತ್ತದೆ. ಪ್ಲಗ್ ಕಪ್ಪಗಾಗುತ್ತದೆ, ಹೊಗೆ ಜಾಸ್ತಿ. ನೋಡಿದವರು ಒಂದು ಸೈಜ್ ಸಣ್ಣ ಜೆಟ್ ಹಾಕುತ್ತಾರೆ, ಪರೀಕ್ಷೆಗೆ ನೀರು ತುಂಬಿಟ್ಟ ಡ್ರಮ್ಮಿನಲ್ಲಿ ಎಂಜಿನ್ ಚೊಕ್ಕವಾಗಿ ಹಾಡುತ್ತದೆ, ಎಲ್ಲರಿಗೂ ಖುಷಿ.

ಆಮೇಲೆ ಅದೇ ಎಂಜಿನನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು ಮಲ್ಪೆಗೆ ಹೋಗುತ್ತಾರೆ. ಅಲ್ಲಿ ಗಾಳಿ ದಟ್ಟ, ಜೆಟ್ ಸಣ್ಣದು. ಪೆಟ್ರೋಲ್ ಸಾಲದು, ಅದರ ಜೊತೆ ಬರುವ ಆಯಿಲೂ ಸಾಲದು. ಫುಲ್ ಥ್ರಾಟಲ್‌ನಲ್ಲಿ ಪಿಸ್ಟನ್ ಕಾದು ಸೀಜ್ ಆಗುತ್ತದೆ. ಮಿಶ್ರಣ ಗಟ್ಟಿಯಾದರೆ ಪ್ಲಗ್ ಹಾಳಾಗುತ್ತದೆ, ತೆಳುವಾದರೆ ಎಂಜಿನ್ನೇ ಹಾಳಾಗುತ್ತದೆ.

ಆದ್ದರಿಂದ ನೀವು ಎಂಜಿನ್ ಎಲ್ಲಿ ರಿಪೇರಿ ಮಾಡುತ್ತೀರಿ ಅನ್ನುವುದಲ್ಲ, ಎಲ್ಲಿ ಓಡಿಸುತ್ತೀರಿ ಅನ್ನುವುದನ್ನು ನೋಡಿ ಜೆಟ್ ಆರಿಸಿ. ಇದಕ್ಕೆ ಪತ್ರಿಕೆಯೇ ಸಾಕು. ಮಳೆಗಾಲದಲ್ಲಿ ದಿನಾ ಬರುವ ಜಲಾಶಯದ ಮಟ್ಟದಲ್ಲಿ ಲಿಂಗನಮಕ್ಕಿಯ ಗರಿಷ್ಠ 1819 ಅಡಿ, ಕಬಿನಿಯದು 2284 ಅಡಿ. ಇವು ಸಮುದ್ರಮಟ್ಟದಿಂದ ಅಳೆದವು. (ಕೆಆರ್‌ಎಸ್‌ನ 124.80 ಅಡಿ ಮಾತ್ರ ಅಣೆಕಟ್ಟೆಯ ತಳದಿಂದ ಲೆಕ್ಕ ಹಾಕಿದ್ದು, ಅದನ್ನು ಹಿಡಿದುಕೊಂಡು ಜೆಟ್ ಹಾಕಬೇಡಿ.) ಮರ್ಕ್ಯುರಿಯಂಥ ಕಂಪನಿಗಳ ಜೆಟ್ ಕೋಷ್ಟಕದಲ್ಲಿ ಮೊದಲ ಮೆಟ್ಟಿಲು 2500 ಅಡಿಯವರೆಗೆ ಇರುತ್ತದೆ. ಅಂದರೆ ಕಬಿನಿ, ಶರಾವತಿ, ಮಲ್ಪೆ ಮೂರಕ್ಕೂ ಕಂಪನಿಯ ಮೂಲ ಜೆಟ್ಟೇ ಸರಿ. ಸಣ್ಣ ಜೆಟ್ ಬೇಕಾಗುವುದು ಬೆಂಗಳೂರಿನ ಡ್ರಮ್ಮಿಗೆ ಮಾತ್ರ, ಡ್ರಮ್ಮಿನಲ್ಲಿ ಯಾರೂ ದೋಣಿ ವಿಹಾರ ಹೋಗುವುದಿಲ್ಲ.

ಹಿನ್ನೀರಿನಲ್ಲಿ ಎಂಜಿನ್ ಏದುಸಿರು ಬಿಟ್ಟರೆ ಪ್ರೊಪೆಲ್ಲರ್ ಕಡೆ ನೋಡಿ. ಪಿಚ್ (ಒಂದು ಸುತ್ತಿಗೆ ಪ್ರೊಪೆಲ್ಲರ್ ಮುಂದೆ ಸಾಗುವ ಲೆಕ್ಕದ ದೂರ) ಒಂದು ಇಂಚು ಕಡಿಮೆ ಮಾಡಿದರೆ ನಿಮಿಷಕ್ಕೆ 150ರಿಂದ 200 ಸುತ್ತು ಏರುತ್ತದೆ.

ಐಡ್ಲಿಂಗ್ ಮಿಶ್ರಣ ಹೊಂದಿಸುವ ಸರಿಯಾದ ಕ್ರಮ ಯಾವುದು?

ಎಂಜಿನ್ ಪೂರ್ತಿ ಬಿಸಿಯಾಗಿರಬೇಕು, ಗೇರಿನಲ್ಲಿರಬೇಕು, ಸಾಧ್ಯವಾದರೆ ದೋಣಿ ನೀರಿನ ಮೇಲೇ ಇರಬೇಕು. ತಿರುಪನ್ನು ಮೆಲ್ಲಗೆ ತಳ ಮುಟ್ಟಿಸಿ ಒಂದೂವರೆ ಸುತ್ತು ಹೊರಗೆ ತನ್ನಿ. ಅದು ಆರಂಭ. ಎಂಜಿನ್ ಕನಿಷ್ಠ ವೇಗದಲ್ಲಿ ಓಡುತ್ತಿರುವಾಗ ಎಂಟನೇ ಒಂದು ಸುತ್ತಿನಷ್ಟು ಒಳಗೆ ತಿರುಗಿಸಿ, ಕೈ ತೆಗೆದು ಹದಿನೈದು ಸೆಕೆಂಡ್ ಕೇಳಿ. ಬದಲಾವಣೆ ತಕ್ಷಣ ಕಿವಿಗೆ ಬೀಳುವುದಿಲ್ಲ. ತಾಳ್ಮೆಯಿಲ್ಲದವರು ಇಲ್ಲೇ ದಾರಿ ತಪ್ಪುವುದು. ಹೀಗೆ ಒಳಗೆ ಹೋಗುತ್ತಾ ಹೋದಂತೆ ಓಟ ನುಣ್ಣಗಾಗುತ್ತದೆ, ಆಮೇಲೊಮ್ಮೆ ಕಾರ್ಬೋರೇಟರ್ ಬಾಯಲ್ಲಿ ‘ಫಟ್’ ಅಂತ ಸೀನು. ಪೆಟ್ರೋಲ್ ಸಾಲದೆ ಬರುವ ಸೀನು ಅದು. ಅಲ್ಲಿಂದ ಕಾಲು ಸುತ್ತು ಹೊರಗೆ ತನ್ನಿ. ಈಗ ಥ್ರಾಟಲ್ ಥಟ್ಟನೆ ತೆರೆಯಿರಿ: ಮತ್ತೆ ಸೀನಿದರೆ ಇನ್ನೊಂದು ಎಂಟನೇ ಸುತ್ತು ಹೊರಗೆ. ಸೀನದೆ ಏರಿದರೆ ಮುಟ್ಟಬೇಡಿ.

ಕೆಲವು ಮಾದರಿಗಳಲ್ಲಿ ಈ ತಿರುಪು ಗಾಳಿಯದ್ದಾಗಿರುತ್ತದೆ, ಆಗ ದಿಕ್ಕು ತದ್ವಿರುದ್ಧ. ಮ್ಯಾನುಯಲ್ ಇಲ್ಲದಿದ್ದರೆ ಒಳಗೆ ತಿರುಗಿಸಿದಾಗ ಹೊಗೆ ಹೆಚ್ಚುತ್ತದೋ ಸೀನುತ್ತದೋ ನೋಡಿ ತಿಳಿದುಕೊಳ್ಳಿ.

ಬೆಂಗಳೂರಿನಲ್ಲಿ ಹೊಂದಿಸಿದ ತಿರುಪನ್ನು ಸ್ವಲ್ಪ ಗಟ್ಟಿ ಮಿಶ್ರಣದ ಕಡೆಗೇ ಬಿಟ್ಟು, ಹೋದ ಜಾಗದಲ್ಲಿ ಮತ್ತೊಮ್ಮೆ ಹೊಂದಿಸಿ. ಜೇಬಿನಲ್ಲಿ ಒಂದು ಸ್ಕ್ರೂ ಡ್ರೈವರ್ ಇರಲಿ.

ಅಪಾರ್ಟ್‌ಮೆಂಟಿನಲ್ಲಿ ಡ್ರಮ್ ಇಟ್ಟು ಓಡಿಸಿ ನೋಡಬಹುದಾ?

ಬೇಸ್‌ಮೆಂಟಿನಲ್ಲಿ ಖಂಡಿತ ಬೇಡ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಕೊಲ್ಲುತ್ತದೆ. ಬಯಲಲ್ಲಿ 200 ಲೀಟರಿನ ಡ್ರಮ್ ಇಟ್ಟು, ದಪ್ಪ ಹಲಗೆಗೆ ಎಂಜಿನ್ ಕಚ್ಚಿಸಿ, ಪ್ರೊಪೆಲ್ಲರ್ ಮೇಲಿನ ಚಪ್ಪಟೆ ಪಟ್ಟಿ ಮುಳುಗಿ ಇನ್ನೂ ನಾಲ್ಕು ಬೆರಳು ನೀರು ಇರುವಂತೆ ತುಂಬಿಸಿ. ಗೇರಿಗೆ ಹಾಕುವುದಾದರೆ ಪ್ರೊಪೆಲ್ಲರ್ ಬಿಚ್ಚಿಡಿ. ಅದು ಇದ್ದರೆ ನೀರು ಹೊರಗೆ, ನೆರೆಯವರು ಒಳಗೆ. ಎಣ್ಣೆ ಬೆರೆತ ಆ ನೀರನ್ನು ರಾಜಕಾಲುವೆಗೆ ಚೆಲ್ಲಬೇಡಿ. ಮೇಲೆ ತೇಲುವ ಎಣ್ಣೆಯನ್ನು ಹಳೆಯ ಬಟ್ಟೆಯಲ್ಲಿ ಹೀರಿ ತೆಗೆಯಿರಿ.

ಹಿಂದಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿಲ್ಲ. ಓಡಿಸಬಹುದಾ?

ತಕ್ಷಣ ನಿಲ್ಲಿಸಿ. ಮೊದಲು ತೂತಿಗೆ ಗಾಳದ ದಪ್ಪ ದಾರ ತೂರಿಸಿ ನೋಡಿ. ಕೆರೆಯಲ್ಲಿ ಓಡಿಸಿದ್ದರೆ ಜಾಲರಿಗೆ ಪ್ಲಾಸ್ಟಿಕ್ ಕವರ್, ಅಂತರಗಂಗೆಯ ಬೇರು ಅಂಟಿರುತ್ತದೆ.

ಅದಲ್ಲದಿದ್ದರೆ ಇಂಪೆಲ್ಲರ್. ಗೇರ್ ಕೇಸಿನ ಬೋಲ್ಟ್ ಬಿಚ್ಚಿ ಕೆಳಕ್ಕೆ ಇಳಿಸಬೇಕು. ಗೇರ್ ರಾಡಿನ ಕೊಂಡಿ ಬಿಡಿಸದೆ ಎಳೆಯಬೇಡಿ. ಪಂಪಿನ ಮುಚ್ಚಳ ತೆಗೆದಾಗ ಕಾಣುವ ರಬ್ಬರ್ ಎಲೆಗಳನ್ನು ಬೆರಳಲ್ಲಿ ಬಾಗಿಸಿ ಬಿಡಿ. ಪುಟಿದು ನೇರ ನಿಂತರೆ ಜೀವ ಇದೆ. ನಿಂತ ಎಂಜಿನ್‌ನಲ್ಲಿ ಅವು ಒಂದೇ ಕಡೆ ಬಾಗಿ ಹಾಗೇ ಸೆಟೆದಿರುತ್ತವೆ, ಬುಡದಲ್ಲಿ ಬಿಳಿ ಗೆರೆಯಂಥ ಸೀಳು ಇರುತ್ತದೆ. ಒಂದು ಎಲೆ ಕಾಣೆಯಾಗಿದ್ದರೆ ಅದು ಮೇಲಿನ ಪೈಪಿನಲ್ಲೆಲ್ಲೋ ಸಿಕ್ಕಿಕೊಂಡಿದೆ; ಅದನ್ನು ಹುಡುಕಿ ತೆಗೆಯದೆ ಹೊಸ ಇಂಪೆಲ್ಲರ್ ಹಾಕಿ ಉಪಯೋಗವಿಲ್ಲ. ಹೊಸದಕ್ಕೆ ಗ್ಲಿಸರಿನ್ ಅಥವಾ ಸೋಪಿನ ನೀರು ಸವರಿ, ಮೇಲಿನಿಂದ ನೋಡಿದರೆ ಶಾಫ್ಟನ್ನು ಬಲಕ್ಕೆ ತಿರುಗಿಸುತ್ತಾ ಒಳಗೆ ಕೂರಿಸಿ. ಸ್ಟೀಲ್ ಬಟ್ಟಲಲ್ಲಿ ಗೀರು ಬಿದ್ದಿದ್ದರೆ ಅದನ್ನೂ ಬದಲಿಸಿ. ಶಾಫ್ಟಿನ ಹಲ್ಲುಗಳ ಬದಿಗೆ ಗ್ರೀಸ್ ಹಚ್ಚಿ, ನೆತ್ತಿಗೆ ಬೇಡ. ಅಲ್ಲಿ ಸಿಕ್ಕಿಕೊಂಡ ಗ್ರೀಸ್ ಗೇರ್ ಕೇಸ್ ಪೂರ್ತಿ ಕೂರಲು ಬಿಡುವುದಿಲ್ಲ.

ಹೊಸ ಇಂಪೆಲ್ಲರ್ ಹಾಕಿದ ಮೇಲೂ ಬಿಸಿಯಾದರೆ ಥರ್ಮೋಸ್ಟ್ಯಾಟ್ ತೆಗೆದು ಬಿಸಿನೀರಿನ ಪಾತ್ರೆಗೆ ಹಾಕಿ. ಮಾದರಿಗೆ ತಕ್ಕಂತೆ 50ರಿಂದ 60 ಡಿಗ್ರಿ ಆಸುಪಾಸಿನಲ್ಲಿ ತೆರೆಯಬೇಕು.

ಗೇರ್ ಆಯಿಲ್ ಬೆಳ್ಳಗಿದೆ. ಪರವಾಗಿಲ್ಲವಾ?

ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ಒಳಗೆ ನೀರು ಸೇರಿದೆ. ಮೊದಲು ತಿರುಪಿನ ವಾಷರ್‌ಗಳನ್ನು, ಆಮೇಲೆ ಪ್ರೊಪೆಲ್ಲರ್ ಶಾಫ್ಟಿನ ಸೀಲನ್ನು ನೋಡಿ. ಸೀಲಿಗೆ ಗಾಳದ ನೈಲಾನ್ ದಾರ ಸುತ್ತಿಕೊಂಡು ಕೊಯ್ದಿರುವುದೇ ಹೆಚ್ಚು. ಹೊಸ ಆಯಿಲನ್ನು ಕೆಳಗಿನ ತೂತಿನಿಂದ, ಮೇಲಿನ ತೂತಲ್ಲಿ ಉಕ್ಕುವವರೆಗೆ ಹಾಕಿ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತದೆ. ಮೇಲಿನ ತಿರುಪನ್ನು ಮೊದಲು ಬಿಗಿಯಿರಿ, ಕೆಳಗಿನದು ಆಮೇಲೆ.

ಪ್ರೊಪೆಲ್ಲರ್ ಪಿನ್ ಪದೇ ಪದೇ ತುಂಡಾಗುತ್ತಿದೆ, ಮೊಳೆ ಹಾಕಲಾ?

ಬೇಡ. ಪಿನ್ ಇರುವುದೇ ತುಂಡಾಗಲಿಕ್ಕೆ. ಗಟ್ಟಿ ಮೊಳೆ ಹಾಕಿದರೆ ಕಲ್ಲಿಗೆ ತಾಗಿದಾಗ ಗೇರಿನ ಹಲ್ಲು ಹೋಗುತ್ತದೆ. ಸರಿಯಾದ ಪಿನ್ ನಾಲ್ಕು ಇಟ್ಟುಕೊಳ್ಳಿ, ಜೊತೆಗೆ ಇಕ್ಕಳ.

ಬಿಡಿಭಾಗ ಎಲ್ಲಿ ಸಿಗುತ್ತೆ?

ಬೇರಿಂಗ್, ಆಯಿಲ್ ಸೀಲ್, ಓರಿಂಗ್‌ಗಳ ಮೇಲೆ ಅಳತೆ ಅಥವಾ ನಂಬರ್ ಇರುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಎಸ್‌ಜೆಪಿ ರೋಡಿಗೆ ಹೋಗಿ. ಪ್ಲಗ್, ಪೆಟ್ರೋಲ್ ಪೈಪ್, ಕ್ಲಿಪ್‌ಗಳಿಗೆ ಜೆ.ಸಿ. ರೋಡ್. ಬೋರಿಂಗ್, ಮುರಿದ ಬೋಲ್ಟ್ ತೆಗೆಸುವುದಕ್ಕೆ ಪೀಣ್ಯದ ಲೇತ್ ಅಂಗಡಿಗಳು. ಇಂಪೆಲ್ಲರ್, ಗ್ಯಾಸ್ಕೆಟ್, ಡಯಾಫ್ರಂ ಮಾತ್ರ ಮಾದರಿ ಸಂಖ್ಯೆ ನೋಡಿ ತರಿಸಬೇಕು. ‘ಇದೇ ಥರ ಇದೆ ಸಾರ್’ ಅನ್ನುವ ಇಂಪೆಲ್ಲರ್ ಕೂರುತ್ತದೆ, ನೀರು ಎತ್ತುವುದಿಲ್ಲ. ಯಮಹಾ, ಸುಜುಕಿಯವಕ್ಕೆ ಮಂಗಳೂರು, ಮಲ್ಪೆಯ ಅಂಗಡಿಗಳಲ್ಲಿ ಬೇಗ ಸಿಗುತ್ತದೆ. ಜಾನ್ಸನ್, ಎವಿನ್ರೂಡ್ ತಯಾರಿಸುತ್ತಿದ್ದ ಓಎಂಸಿ 2000ದ ಡಿಸೆಂಬರ್‌ನಲ್ಲಿ ದಿವಾಳಿಯಾಯಿತು, ಎವಿನ್ರೂಡ್ ಹೆಸರಿನ ತಯಾರಿಕೆಯೂ 2020ರಲ್ಲಿ ನಿಂತಿತು. ಆದರೂ ಬೇರೆ ಕಂಪನಿಗಳು ಮಾಡುವ ಪಂಪ್ ಕಿಟ್, ಕಾರ್ಬೋರೇಟರ್ ಕಿಟ್ ಈಗಲೂ ತರಿಸಬಹುದು. ಕ್ರ್ಯಾಂಕ್, ಗೇರ್ ಬೇಕಾದರೆ ಇನ್ನೊಂದು ಸತ್ತ ಎಂಜಿನ್ ಕೊಳ್ಳುವುದೇ ಅಗ್ಗ.

ಕರಾವಳಿಯಿಂದ ಸೆಕೆಂಡ್ ಹ್ಯಾಂಡ್ ಎಂಜಿನ್ ಅಗ್ಗಕ್ಕೆ ಸಿಗುತ್ತಿದೆ, ತರಲಾ?

ಅದು ಸೀಮೆಎಣ್ಣೆಯದ್ದಾ ಅಂತ ಮೊದಲು ಕೇಳಿ. ನಾಡದೋಣಿಗಳಲ್ಲಿ ಬಹಳಷ್ಟು ಅಂಥವೇ: ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ಬರಬೇಕು. ಕಂಪ್ರೆಷನ್ ಕಡಿಮೆ, ಜೆಟ್ ಬೇರೆ. ಬೆಂಗಳೂರಿನಲ್ಲಿ ಸೀಮೆಎಣ್ಣೆ ಹುಡುಕುವುದೇ ಒಂದು ಉದ್ಯೋಗ, ನನ್ನ ಸಲಹೆ ಬೇಡ ಅಂತಲೇ. ಪೆಟ್ರೋಲ್ ಎಂಜಿನ್ ಆದರೆ ಒಂದು ಬೋಲ್ಟ್ ಬಿಚ್ಚಿಸಿ ನೋಡಿ. ಅಲ್ಯುಮಿನಿಯಂ ಒಳಗೆ ಸ್ಟೀಲ್ ಬೋಲ್ಟ್ ಉಪ್ಪಿಗೆ ಹಿಡಿದು ಒಂದೇ ಲೋಹದಂತಾಗಿದ್ದರೆ ಪ್ರತಿ ರಿಪೇರಿಯೂ ಲೇತ್ ಅಂಗಡಿಯಲ್ಲೇ ಮುಗಿಯುತ್ತದೆ.

ಎಂಜಿನ್ ನೀರಿಗೆ ಬಿತ್ತು. ಏನು ಮಾಡಲಿ?

ಹೊರತೆಗೆದ ಕೂಡಲೇ ಕೆಲಸ ಶುರು ಮಾಡಿ. ತುಕ್ಕು ಹಿಡಿಯುವುದು ನೀರಲ್ಲಲ್ಲ, ಗಾಳಿ ತಗುಲಿದ ಮೇಲೆ. ಆ ದಿನವೇ ಬಿಚ್ಚಲಾಗದಿದ್ದರೆ ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿಯೇ ಇಡಿ. ಪ್ಲಗ್ ತೆಗೆದು, ಪ್ಲಗ್ ತೂತು ಕೆಳಗೆ ಮಾಡಿ, ಹಗ್ಗ ಎಳೆದು ನೀರು ಹೊರಹಾಕಿ. ಕಾರ್ಬೋರೇಟರ್ ಬರಿದು ಮಾಡಿ, ಸಿಲಿಂಡರ್‌ಗೆ ಎಣ್ಣೆ ಬಿಟ್ಟು, ಅದೇ ದಿನ ಸ್ಟಾರ್ಟ್ ಮಾಡಿ ಅರ್ಧ ಗಂಟೆ ಓಡಿಸಿ. ಓಡುತ್ತಿರುವಾಗಲೇ ಬಿದ್ದಿದ್ದರೆ ಕನೆಕ್ಟಿಂಗ್ ರಾಡ್ ಬಾಗಿರಬಹುದು. ಕೈಯಲ್ಲಿ ತಿರುಗಿಸಿದಾಗ ಎಲ್ಲಾದರೂ ತಡೆದರೆ ಅಲ್ಲಿಗೇ ನಿಲ್ಲಿಸಿ.

ಹಲಸೂರು ಕೆರೆಯಲ್ಲಿ ಓಡಿಸಿ ನೋಡಬಹುದಾ?

ಇಲ್ಲ. ಕೆರೆ ಯಾರ ಉಸ್ತುವಾರಿಯಲ್ಲಿದೆಯೋ ಅವರ ಅನುಮತಿ ಇಲ್ಲದೆ ಯಾವ ಕೆರೆಗೂ ದೋಣಿ ಇಳಿಸುವ ಹಾಗಿಲ್ಲ. ಒಳನಾಡು ಹಡಗುಗಳ ಕಾಯ್ದೆ 2021ರಲ್ಲಿ ಯಾಂತ್ರಿಕ ದೋಣಿಗಳ ತಪಾಸಣೆ, ನೋಂದಣಿಯ ವಿಧಿಗಳಿವೆ. ಹಿನ್ನೀರಿಗೆ ಹೋಗುವ ಮುನ್ನ ಅಲ್ಲಿನ ನಿಯಮ ವಿಚಾರಿಸಿ. ಕಬಿನಿ ಸುತ್ತ ಅರಣ್ಯ ಇಲಾಖೆಯ ಕಣ್ಣೂ ಇರುತ್ತದೆ.

ಕಾರಿನಲ್ಲಿ ಸಾಗಿಸುವಾಗ ಯಾವ ಮಗ್ಗುಲಿಗೆ ಮಲಗಿಸಬೇಕು?

ಮೊದಲು ಐದು ನಿಮಿಷ ನೆಟ್ಟಗೆ ನಿಲ್ಲಿಸಿ ನೀರು ಬಸಿಯಲು ಬಿಡಿ, ಪೈಪ್ ಕಳಚಿ, ಕಾರ್ಬೋರೇಟರ್‌ನ ಪೆಟ್ರೋಲ್ ಖಾಲಿ ಮಾಡಿ. ಮ್ಯಾನುಯಲ್ಲಿನಲ್ಲಿ ಹೇಳಿದ ಮಗ್ಗುಲಿಗೇ ಮಲಗಿಸಿ. ಯಾವ ಮಗ್ಗುಲಾದರೂ ತಲೆಯ ಕಡೆ ಪ್ರೊಪೆಲ್ಲರ್‌ಗಿಂತ ಎತ್ತರ ಇರಲಿ, ತಲೆ ತಗ್ಗಾದರೆ ಸೈಲೆನ್ಸರ್ ಕೊಳವೆಯಲ್ಲಿ ಉಳಿದ ನೀರು ಸಿಲಿಂಡರ್‌ಗೆ ಇಳಿಯುತ್ತದೆ. ಕೆಳಗೆ ಹಳೆಯ ಟಯರ್ ಹಾಕಿ. ಪೆಟ್ರೋಲ್ ಟ್ಯಾಂಕ್ ಬೇರೆ ಇರಲಿ, ಅದರ ಗಾಳಿ ತಿರುಪು ಮುಚ್ಚಿರಲಿ. ಇಳಿಸಿ ದೋಣಿಗೆ ಕಟ್ಟಿದ ಮೇಲೆ ಅದನ್ನು ಮತ್ತೆ ತೆರೆಯಬೇಕು.